ಒಂದು ಡಿಸ್ಕು, ಎರಡು ವ್ಯವಸ್ಥೆಗಳು: ಗಡಿಪಟ್ಟಿಯೊಂದರ ಇತಿಹಾಸ

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇರಿಸಿಕೊಳ್ಳುವುದು ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಇಂದು ಅಪೂರ್ವವೇನಲ್ಲ. ನಮ್ಮ ನಾಡಿನಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಉಂಟು. ಯೂನಿಕೋಡ್ ಸಾರ್ವತ್ರಿಕವಾಗುವ ಮುನ್ನ 'ನುಡಿ'ಯಂತಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಸಿದ್ಧವಾದ ಕನ್ನಡ ಕಡತಗಳಿಗೆ ವಿಂಡೋಸೇ ಸಹಜವಾದ ನೆಲೆ. ಮುಕ್ತ ತಂತ್ರಾಂಶಗಳಿಗಾದರೋ ಲಿನಕ್ಸನ್ನು ಬಯಸುವವರು ಹಲವರು. ಆದರೆ ಡಿಸ್ಕಿನ ಸ್ಥಳ ಮಿತವಾಗಿರುವಾಗ ಈ ಸಹವಾಸ ಎಷ್ಟರಮಟ್ಟಿಗೆ ಭದ್ರವಾದದ್ದು? ಅದರ ಇತಿಹಾಸವನ್ನು ಅವಲೋಕಿಸಿ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ.

1981ರಲ್ಲಿ ಹೊರಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ವ್ಯವಸ್ಥೆಯನ್ನು ಬದಲಿಸಬೇಕಾದರೆ ಫ್ಲಾಪಿಯನ್ನು ಬದಲಿಸಿದರೆ ಸಾಕಾಗಿತ್ತು. 1983ರಲ್ಲಿ ಬಂದ ಪಿಸಿ ಎಕ್ಸ್‌ಟಿ ಯಂತ್ರದೊಳಗೆ 10 ಮೆಗಾಬೈಟಿನ ಸ್ಥಿರ ಡಿಸ್ಕು ಸೇರಿದೊಡನೆ ಹೊಸ ಸಮಸ್ಯೆಯೊಂದು ಉದ್ಭವಿಸಿತು: ತೆಗೆದಿಡಲಾಗದ ಈ ಒಂದೇ ನೆಲವನ್ನು ಬೇರೆ ಬೇರೆ ವ್ಯವಸ್ಥೆಗಳು ಹಂಚಿಕೊಳ್ಳುವುದು ಹೇಗೆ? ಅದೇ ವರ್ಷದ ಡಾಸ್ 2.0 ಇದಕ್ಕೆ ಪರಿಹಾರವನ್ನು ಒದಗಿಸಿತು. ಡಿಸ್ಕಿನ ಮೊತ್ತಮೊದಲ 512 ಬೈಟುಗಳ ಖಂಡದಲ್ಲಿ 64 ಬೈಟುಗಳ ಪಟ್ಟಿಯೊಂದನ್ನು ಇರಿಸಲಾಯಿತು. ಅದರಲ್ಲಿ ನಾಲ್ಕು ನಮೂದುಗಳು. ಒಂದೊಂದಕ್ಕೂ 16 ಬೈಟುಗಳು. ಯಾವ ಭಾಗ ಎಲ್ಲಿ ಆರಂಭವಾಗುತ್ತದೆ, ಎಷ್ಟು ವಿಸ್ತಾರವುಳ್ಳದ್ದು, ಯಾವ ವ್ಯವಸ್ಥೆಗೆ ಸೇರಿದ್ದು, ಯಂತ್ರ ಎಚ್ಚೆತ್ತಾಗ ಯಾವುದು ಮೊದಲು ನಡೆಯಬೇಕು ಎಂಬುದಷ್ಟೇ ಅಲ್ಲಿನ ಒಕ್ಕಣೆ.

ನಮ್ಮ ದಾನಶಾಸನಗಳಲ್ಲಿ ದತ್ತಿಭೂಮಿಯ ಚತುಸ್ಸೀಮೆಯನ್ನು ಬರೆದಿರುವುದನ್ನು ವಾಚಕರು ಬಲ್ಲರು. ಗಡಿಯನ್ನು ಬರೆದ ಮಾತ್ರಕ್ಕೆ ಹೊಲದ ಸುತ್ತ ಗೋಡೆ ಏಳುವುದಿಲ್ಲ. ನೆರೆಯವನು ಅದನ್ನು ಮನ್ನಿಸಬೇಕು. ಡಿಸ್ಕಿನ ಗಡಿಪಟ್ಟಿಯೂ ಇಂತಹುದೇ. ಅದು ತಡೆಯಲ್ಲ, ಕೇವಲ ಒಪ್ಪಂದ. ಇಡೀ ಡಿಸ್ಕಿನ ಮೇಲೆ ಬರೆಯುವ ಅಧಿಕಾರ ಪ್ರತಿಯೊಂದು ವ್ಯವಸ್ಥೆಗೂ ತನ್ನ ಸರದಿಯಲ್ಲಿ ದೊರೆಯುತ್ತದೆ.

ಈ ಒಪ್ಪಂದದ ದೌರ್ಬಲ್ಯಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಕೊಂಡ ಯಂತ್ರದಲ್ಲಿ ಮಿನಿಕ್ಸ್ ವ್ಯವಸ್ಥೆಯನ್ನು ಇರಿಸಿಕೊಂಡು, ಅದರ ಆಶ್ರಯದಲ್ಲಿಯೇ ಲಿನಕ್ಸನ್ನು ಬೆಳೆಸುತ್ತಿದ್ದರು. ಮೋಡೆಮಿಗೆ ಹೋಗಬೇಕಾಗಿದ್ದ ದೂರವಾಣಿ ಕರೆಯ ಆಜ್ಞೆಯನ್ನು ಅವರು ಒಮ್ಮೆ ಕೈತಪ್ಪಿ ಡಿಸ್ಕಿಗೇ ಕಳುಹಿಸಿದರು. ಮಿನಿಕ್ಸ್ ಭಾಗದ ಮುಖ್ಯಾಂಶಗಳು ಅಳಿಸಿಹೋದವು. ಅದನ್ನು ಪುನಃ ಸ್ಥಾಪಿಸುವುದಕ್ಕೆ ಬದಲಾಗಿ ಲಿನಕ್ಸನ್ನೇ ಸ್ವಾವಲಂಬಿಯಾಗಿಸಲು ಅವರು ನಿರ್ಧರಿಸಿದರು. ಅವರ ನಷ್ಟ ಲೋಕಕ್ಕೆ ಲಾಭವಾಯಿತು. ಆದರೆ ಇಂತಹ ಪ್ರಮಾದಗಳೆಲ್ಲವೂ ಹೀಗೆ ಮಂಗಳಾಂತವಾಗುತ್ತವೆಂದು ಭಾವಿಸಲು ಆಧಾರವಿಲ್ಲ.

ಬಳಿಕ ದ್ವಾರಪಾಲಕ ತಂತ್ರಾಂಶಗಳು ಹುಟ್ಟಿಕೊಂಡವು. 1992ರ ಓಎಸ್/2 2.0ರ ಬೂಟ್ ಮ್ಯಾನೇಜರ್, ವೆರ್ನರ್ ಆಲ್ಮೆಸ್‌ಬರ್ಗರ್ ರಚಿಸಿದ ಲಿಲೋ, 1995ರಲ್ಲಿ ಎರಿಕ್ ಬೋಲೀನ್ ಆರಂಭಿಸಿದ ಗ್ರಬ್ ಇವು ಮುಖ್ಯವಾದವು. ಯಂತ್ರ ಎಚ್ಚೆತ್ತಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವುದು ಇವುಗಳ ಕೆಲಸ. ವಿಂಡೋಸ್ 95 ಸ್ಥಾಪನೆಯ ವೇಳೆಯಲ್ಲಿ ಮೊದಲ ಖಂಡದ ಆರಂಭಿಕ ಆಜ್ಞೆಗಳನ್ನು ತನ್ನವುಗಳಿಂದ ಬದಲಿಸಿಬಿಡುತ್ತಿದ್ದುದರಿಂದ, ಮೊದಲು ವಿಂಡೋಸ್, ಅನಂತರ ಲಿನಕ್ಸ್ ಎಂಬ ಕ್ರಮ ರೂಢಿಗೆ ಬಂದಿತು. ತರುವಾಯದ ಯುಇಎಫ್‌ಐ ಪದ್ಧತಿಯಲ್ಲಿ ಪ್ರತಿಯೊಂದು ವ್ಯವಸ್ಥೆಯ ಆರಂಭಿಕ ಕಡತವೂ ಒಂದು ಸಣ್ಣ ಭಾಗದ ಪ್ರತ್ಯೇಕ ಕೋಶದಲ್ಲಿರುತ್ತದೆ. ಅದರೊಡನೆ ಬಂದ ಜಿಪಿಟಿ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಅವಕಾಶವಿದ್ದು, ಡಿಸ್ಕಿನ ಕೊನೆಯಲ್ಲಿ ಪಟ್ಟಿಯ ಮತ್ತೊಂದು ಪ್ರತಿಯೂ ಇರುತ್ತದೆ. ಶಾಸನಕ್ಕೆ ಪ್ರತಿ ಬೇಕೆಂಬ ವಿವೇಕ ಗಣಕಕ್ಕೆ ಬರುವುದಕ್ಕೂ ಕಾಲ ಹಿಡಿಯಿತು.

ಆದಾಗ್ಯೂ ವಿವಾದ ತೀರಲಿಲ್ಲ. 2024ರ ಆಗಸ್ಟ್ ತಿಂಗಳ ವಿಂಡೋಸ್ ಭದ್ರತಾ ಪರಿಷ್ಕರಣವೊಂದು ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ಅನ್ವಯವಾಗದೆಂದು ಮೈಕ್ರೋಸಾಫ್ಟ್ ಹೇಳಿತ್ತು. ಹಾಗಿದ್ದರೂ ಅಂತಹ ಕೆಲವು ಯಂತ್ರಗಳಲ್ಲಿ ಲಿನಕ್ಸ್ ಆರಂಭವಾಗದಂತಾಯಿತು. ನಲವತ್ತೊಂದು ವರ್ಷಗಳ ಬಳಿಕವೂ ಗಡಿ ನೆರೆಯವನ ಸೌಜನ್ಯವನ್ನೇ ಅವಲಂಬಿಸಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಸ್ಥಳದ ವಿಚಾರ. ವಿಂಡೋಸ್ 11 ಕನಿಷ್ಠ 64 ಗಿಗಾಬೈಟುಗಳ ಡಿಸ್ಕನ್ನು ಅಪೇಕ್ಷಿಸುತ್ತದೆ. ಉಬುಂಟು ಲಿನಕ್ಸಿಗೆ 25 ಗಿಗಾಬೈಟು ಬೇಕೆಂಬುದು ಅದರ ಪ್ರಕಟಿತ ಸೂಚನೆ. 128 ಗಿಗಾಬೈಟೆಂದು ಮಾರುವ ಡಿಸ್ಕನ್ನು ವಿಂಡೋಸ್ ತನ್ನ ಗಣನೆಯಲ್ಲಿ ಸುಮಾರು 119 ಎಂದು ತೋರಿಸುತ್ತದೆ. ಎರಡನ್ನೂ ಇರಿಸಿದ ಮೇಲೆ ಉಳಿಯುವುದು ಸುಮಾರು 30. ಅದೂ ಎರಡು ಭಾಗಗಳಲ್ಲಿ ಹರಿದು ಹಂಚಿಹೋಗಬಹುದು. ಒಂದರಲ್ಲಿ ತೆರವಿದ್ದರೂ ಇನ್ನೊಂದರ ಪರಿಷ್ಕರಣಕ್ಕೆ ಅದು ಒದಗದು. ಆದಕಾರಣ 128 ಗಿಗಾಬೈಟಿನಲ್ಲಿ ಈ ಸಹವಾಸ ಸಾಧ್ಯ, ಆದರೆ ಇಕ್ಕಟ್ಟಿನದು. 64ರಲ್ಲಿ ಅದು ಸಲ್ಲದು. ಅಂತಹ ಸಂದರ್ಭದಲ್ಲಿ ಲಿನಕ್ಸನ್ನು ಹೊರಗಿನ ಡಿಸ್ಕಿನಲ್ಲಿ ಇರಿಸುವುದೇ ಲೇಸು.

ಈ ಇತಿಹಾಸದಿಂದ ಫಲಿಸುವ ನಿಯಮಗಳು ಕೆಲವೇ. ಗಡಿಯನ್ನು ಮುಟ್ಟುವ ಮುನ್ನ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡತಕ್ಕದ್ದು. ಬಿಟ್‌ಲಾಕರ್ ಬಳಕೆಯಲ್ಲಿದ್ದರೆ ಅದರ ಮರುಪ್ರಾಪ್ತಿಯ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡತಕ್ಕದ್ದು. ವಿಂಡೋಸ್ ಭಾಗವನ್ನು ವಿಂಡೋಸಿನಿಂದಲೇ ಕುಗ್ಗಿಸತಕ್ಕದ್ದು. ಈ ಸೌಕರ್ಯ 2007ರ ವಿಸ್ಟಾದಿಂದಲೂ ಅದರಲ್ಲಿದೆ. ವಿಂಡೋಸಿನ ಶೀಘ್ರಾರಂಭವನ್ನು ನಿಲ್ಲಿಸತಕ್ಕದ್ದು; ಏಕೆಂದರೆ ಆ ಏರ್ಪಾಡಿನಲ್ಲಿ ಯಂತ್ರ ಆರಿದಂತೆ ಕಂಡರೂ ವಿಂಡೋಸ್ ತನ್ನ ಭಾಗವನ್ನು ಪೂರ್ಣವಾಗಿ ಬಿಟ್ಟುಕೊಟ್ಟಿರುವುದಿಲ್ಲ, ಆಗ ಲಿನಕ್ಸ್ ಅಲ್ಲಿ ಬರೆದರೆ ಕಡತಗಳು ಕೆಡಬಹುದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರಗಳನ್ನು ಲಿನಕ್ಸಿನ ನೆರವಿನಿಂದ ಉಳಿಸಿಕೊಳ್ಳಲು ಅನೇಕರು ಯತ್ನಿಸುವುದು ಸಹಜ. ವ್ಯವಸ್ಥೆ ಕೆಟ್ಟರೆ ಮತ್ತೆ ಸ್ಥಾಪಿಸಬಹುದು. ಆದರೆ ವರ್ಷಗಟ್ಟಲೆ ಊರೂರು ಅಲೆದು ಸಂಗ್ರಹಿಸಿದ ಶಾಸನಪಾಠಗಳೂ ಕ್ಷೇತ್ರಕಾರ್ಯದ ಟಿಪ್ಪಣಿಗಳೂ ಹಳೆಯ ಅಕ್ಷರಸಂಕೇತದ ಒಂದೇ ಪ್ರತಿಯಲ್ಲಿದ್ದು ಅಳಿದರೆ, ಅವುಗಳನ್ನು ಮರಳಿ ಕೊಡುವ ವ್ಯವಸ್ಥೆ ಯಾವುದೂ ಇಲ್ಲ. ಆಕರಗಳ ರಕ್ಷಣೆಯನ್ನು ಬೋಧಿಸುವ ನಾವು ಮೊದಲು ನಮ್ಮ ಮೇಜಿನ ಮೇಲಿನ ಆಕರಗಳನ್ನು ರಕ್ಷಿಸಿಕೊಳ್ಳುವುದು ಉಚಿತ.