ಸಮನ್ಸ್ ಜಾರಿಯಾಗದಿದ್ದರೆ ದಾವೆಯ ಗತಿ ಏನು?

ಬಸವಕಲ್ಯಾಣ: ಜಮೀನು ಪಾಲು, ಕ್ರಯದ ಕರಾರು, ಸಾಲ ವಸೂಲಿಯಂತಹ ಸಿವಿಲ್ ದಾವೆಗಳು ವಿಚಾರಣೆಯ ಹಂತಕ್ಕೆ ಬರುವ ಮೊದಲೇ ವಜಾಗೊಳ್ಳುವುದುಂಟು. ಪ್ರತಿವಾದಿಗೆ ಸಮನ್ಸ್ ಮುಟ್ಟಿಸುವಲ್ಲಿ ವಾದಿ ತೋರುವ ಉದಾಸೀನವೇ ಇದಕ್ಕೆ ಒಂದು ಕಾರಣ.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಈ ತೊಡಕಿಗೆ ಗಡಿಯೂ ಸೇರಿಕೊಳ್ಳುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಭಾಗದವರ ನಂಟು ಮಹಾರಾಷ್ಟ್ರ, ತೆಲಂಗಾಣಗಳೊಡನೆ ಇಂದಿಗೂ ಇದೆ. ಜಮೀನು ಇಲ್ಲಿದ್ದು ಪಾಲುದಾರ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಕಲಂ ಪ್ರಕಾರ ಸಮನ್ಸನ್ನು ಆ ರಾಜ್ಯದ ನ್ಯಾಯಾಲಯಕ್ಕೆ ಕಳುಹಿಸಬಹುದು. ಜಾರಿಯ ವರದಿ ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವೂ ಅದರೊಂದಿಗೆ ಬರಬೇಕು.

ಪ್ರತಿವಾದಿ ಮನೆಯಲ್ಲಿಲ್ಲದೆ, ಸಕಾಲದಲ್ಲಿ ಸಿಗುವ ಸಂಭವವೂ ಇಲ್ಲದಿದ್ದರೆ ಜೊತೆಯಲ್ಲಿ ವಾಸಿಸುವ ವಯಸ್ಕ ಸದಸ್ಯರಿಗೆ, ಪುರುಷರಾಗಲಿ ಮಹಿಳೆಯಾಗಲಿ, ಸಮನ್ಸ್ ಕೊಡಬಹುದು. ಮನೆಯ ಆಳು ಕುಟುಂಬದ ಸದಸ್ಯನಲ್ಲ. ಪ್ರತಿವಾದಿ ತಲೆತಪ್ಪಿಸಿಕೊಳ್ಳುತ್ತಿದ್ದಾನೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಬಾಗಿಲಿಗೆ ಅಂಟಿಸಲು ಅಥವಾ ದಿನಪತ್ರಿಕೆಯಲ್ಲಿ ಪ್ರಕಟಿಸಲು ಆದೇಶಿಸಬಹುದು.

ವಾದಿ ಜಾರಿ ಶುಲ್ಕ ಕಟ್ಟದ ಕಾರಣ ಸಮನ್ಸ್ ಜಾರಿಯಾಗದಿದ್ದರೆ 9ನೇ ಆದೇಶದ 2ನೇ ನಿಯಮದಡಿ ದಾವೆ ವಜಾ ಆಗಬಹುದು. ಜಾರಿಯಾಗದೆ ಮರಳಿದ ಸಮನ್ಸಿಗೆ ಬದಲಾಗಿ ಏಳು ದಿನಗಳೊಳಗೆ ಹೊಸ ಸಮನ್ಸ್ ಕೋರದಿದ್ದರೂ, ತಕ್ಕ ಕಾರಣ ತೋರಿಸದ ಹೊರತು, 5ನೇ ನಿಯಮದಡಿ ಅದೇ ಗತಿ. ಹಿಂದೆ ಈ ಅವಧಿ ಒಂದು ತಿಂಗಳಿತ್ತು. 2002ರಿಂದ ಏಳು ದಿನಕ್ಕೆ ಇಳಿದಿದೆ. ಅನೇಕ ಕಕ್ಷಿದಾರರಿಗೆ ಇದು ತಿಳಿಯುವುದು ವಜಾ ಆದ ಮೇಲೆಯೇ.

ಹೀಗೆ ವಜಾ ಆದರೆ ಹೊಸ ದಾವೆ ಹೂಡಲು ಅವಕಾಶವಿದೆ. ಆದರೆ ಅದು ಕಾಗದದ ಮೇಲಿನ ಸಮಾಧಾನವಷ್ಟೇ ಆಗಬಹುದು. ಕ್ರಯದ ಕರಾರಿನ ದಾವೆಗೆ ಕಾಲಮಿತಿ ಮೂರು ವರ್ಷ. ಅದು ಮುಗಿದಿದ್ದರೆ ಹೊಸ ದಾವೆ ನಿಲ್ಲದು. ಶುಲ್ಕ ಕಟ್ಟದೆ ವಜಾ ಆದ ದಾವೆಯನ್ನು ಪುನಃಸ್ಥಾಪಿಸುವಂತೆ 30 ದಿನಗಳೊಳಗೆ ಅರ್ಜಿ ಸಲ್ಲಿಸುವುದೇ ಆಗ ಉಳಿಯುವ ದಾರಿ. ಪ್ರತಿವಾದಿ ಹಾಜರಾಗಿ ವಾದಿಯೇ ಗೈರಾಗಿ ವಜಾ ಆದಲ್ಲಿ ಪರಿಸ್ಥಿತಿ ಇನ್ನೂ ಕಠಿಣ: ಅದೇ ವ್ಯಾಜ್ಯಕಾರಣಕ್ಕೆ ಹೊಸ ದಾವೆ ಹೂಡುವಂತೆಯೇ ಇಲ್ಲ.

ಸಮನ್ಸ್ ಕ್ರಮಬದ್ಧವಾಗಿ ಮುಟ್ಟದೆ ಏಕಪಕ್ಷೀಯ ಡಿಕ್ರಿಗೆ ಗುರಿಯಾದ ಪ್ರತಿವಾದಿ, ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನಗಳಲ್ಲಿ ಅದರ ರದ್ದತಿ ಕೋರಬಹುದು. ವಿಚಾರಣೆಯ ದಿನಾಂಕ ಮೊದಲೇ ತಿಳಿದಿದ್ದು ಹಾಜರಾಗಲು ಸಾಕಷ್ಟು ಸಮಯವೂ ಇತ್ತೆಂದು ಕಂಡುಬಂದರೆ, ಜಾರಿಯಲ್ಲಿನ ಲೋಪವೊಂದೇ ಡಿಕ್ರಿ ರದ್ದತಿಗೆ ಕಾರಣವಾಗದು.