ಟೊರೆನ್ಸ್‌ನ ಹುಡುಗಿಯರು ಮಾರುವ ಬಿಸ್ಕತ್ತು: ಗರ್ಲ್ ಸ್ಕೌಟ್ಸ್ ಸಂಸ್ಥೆಯ ಒಳಗುಟ್ಟು

ಟೊರೆನ್ಸ್ (ಕ್ಯಾಲಿಫೋರ್ನಿಯಾ): ಲಾಸ್ ಏಂಜಲೀಸ್‌ನಿಂದ ದಕ್ಷಿಣಕ್ಕೆ, ಪೆಸಿಫಿಕ್ ಕಡಲ ದಂಡೆಯಲ್ಲಿರುವ ಊರು ಟೊರೆನ್ಸ್. ಹೋಂಡಾ ಕಂಪೆನಿಯ ಅಮೆರಿಕದ ಮುಖ್ಯ ಕಚೇರಿ ಬೆಳೆದದ್ದು ಇಲ್ಲೇ. ವರ್ಷದ ಮೊದಲ ತಿಂಗಳುಗಳಲ್ಲಿ ಇಂಥ ಊರುಗಳ ಸೂಪರ್‌ಮಾರ್ಕೆಟ್ ಬಾಗಿಲ ಬಳಿ ಒಂದು ಮೇಜು, ಮೇಜಿನ ಮೇಲೆ ಬಣ್ಣಬಣ್ಣದ ಬಿಸ್ಕತ್ತು ಬಾಕ್ಸ್‌ಗಳು, ಹಿಂದೆ ನಾಲ್ಕೈದು ಶಾಲಾ ಹುಡುಗಿಯರು ಕಾಣಸಿಗುತ್ತಾರೆ. ಹೊಸದಾಗಿ ಹೋದ ನಮ್ಮವರಿಗೆ "ಪಾಪ, ಫೀಸಿಗೆ ದುಡ್ಡಿಲ್ಲವೇನೋ" ಅನ್ನಿಸುವುದು ಸಹಜ. ವಿಷಯ ಹಾಗಲ್ಲ. ವೈದ್ಯರ ಮಗಳೂ ಅಲ್ಲಿರುತ್ತಾಳೆ, ಡ್ರೈವರ್ ಮಗಳೂ ಇರುತ್ತಾಳೆ. ಅದು ಗರ್ಲ್ ಸ್ಕೌಟ್ಸ್ ಎಂಬ ಲಾಭರಹಿತ ಸಂಸ್ಥೆಯ ಪಾಠಶಾಲೆ.

ಸಂಸ್ಥೆ ಹುಟ್ಟಿದ್ದು 1912ರ ಮಾರ್ಚ್ 12ರಂದು, ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದಲ್ಲಿ. ಸ್ಥಾಪಕಿ ಜೂಲಿಯೆಟ್ ಗೋರ್ಡನ್ ಲೋ. ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ ಅವರನ್ನು 1911ರಲ್ಲಿ ಇಂಗ್ಲೆಂಡಿನಲ್ಲಿ ಭೇಟಿಯಾಗಿ ಊರಿಗೆ ಮರಳಿದ ಆಕೆ 18 ಹುಡುಗಿಯರನ್ನು ಸೇರಿಸಿ ಶುರು ಮಾಡಿದರು. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಮಕ್ಕಳಿರಲಿಲ್ಲ. ಸಂಸ್ಥೆಯ ಖರ್ಚಿಗೆ ಕೈಯಲ್ಲಿ ಕಾಸಿಲ್ಲದಾಗ ತಮ್ಮ ಮುತ್ತಿನ ಹಾರವನ್ನೇ ಮಾರಿದರು. ಮನೆಯ ಚಿನ್ನ ಅಡವಿಟ್ಟು ವೀಸಾಕ್ಕೆ ದುಡ್ಡು ಹೊಂದಿಸಿದವರಿಗೆ ಆ ಹಾರದ ತೂಕ ಬೇರೆ ಹೇಳಬೇಕಿಲ್ಲ.

ಇಂದು ದೇಶದ ಸಂಸ್ಥೆಯ ಕೆಳಗೆ ಪ್ರಾದೇಶಿಕ ಕೌನ್ಸಿಲ್‌ಗಳಿವೆ. ಟೊರೆನ್ಸ್ ಬರುವುದು ಗ್ರೇಟರ್ ಲಾಸ್ ಏಂಜಲೀಸ್ ಕೌನ್ಸಿಲ್ ವ್ಯಾಪ್ತಿಗೆ. ಆರು ಸಣ್ಣ ಕೌನ್ಸಿಲ್‌ಗಳು 2008ರಲ್ಲಿ ಒಂದಾಗಿ ಅದು ರೂಪುಗೊಂಡಿತು. ಸ್ಯಾನ್ ಡಿಯಾಗೋದ್ದು ಬೇರೆ ಕೌನ್ಸಿಲ್, ಪಕ್ಕದ ಇಂಪೀರಿಯಲ್ ಕೌಂಟಿಯೂ ಅದಕ್ಕೇ ಸೇರಿದೆ. ಕೌನ್ಸಿಲ್ ಕೆಳಗೆ ಟ್ರೂಪ್, ಅಂದ್ರೆ ದಳ. ಅದನ್ನು ನಡೆಸುವವರು ಸಂಬಳ ಪಡೆಯದ ಸ್ವಯಂಸೇವಕರು, ಹೆಚ್ಚಿನವರು ಮಕ್ಕಳ ಅಮ್ಮಂದಿರೇ. ಯಾವ ಸಭೆಗೂ ಪರಸ್ಪರ ಸಂಬಂಧಿಕರಲ್ಲದ ಇಬ್ಬರು ದೊಡ್ಡವರು ಇರಲೇಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆ, ಇಬ್ಬರ ಹಿನ್ನೆಲೆಯೂ ಪರಿಶೀಲನೆಯಾಗಿರಬೇಕು. ಹೆಣ್ಣುಮಗುವನ್ನು ಹೊರಗೆ ಕಳಿಸುವ ಯಾವ ತಂದೆತಾಯಿಯೂ ಮೊದಲು ಕೇಳುವ ಪ್ರಶ್ನೆಗೆ ಈ ನಿಯಮವೇ ಉತ್ತರ. ಪ್ರತಿಜ್ಞೆಯಲ್ಲಿ "ದೇವರು" ಎಂಬ ಪದ ಇದೆ, ಆದರೆ 1993ರಿಂದ ಹುಡುಗಿ ತನ್ನ ನಂಬಿಕೆಗೆ ತಕ್ಕ ಪದ ಬಳಸಬಹುದು.

ಐದಾರು ವರ್ಷದ ಪುಟಾಣಿಗಳಿಂದ ಹಿಡಿದು ಹನ್ನೆರಡನೇ ತರಗತಿಯವರೆಗೆ ಆರು ಹಂತಗಳಿವೆ. ಹದಿಹರೆಯದವರದ್ದು ಕೊನೆಯ ಮೂರು: ಕೆಡೆಟ್, ಸೀನಿಯರ್, ಅಂಬಾಸಿಡರ್. ಚಿಕ್ಕವರಿದ್ದಾಗ ಸೇರಿದ ಹುಡುಗಿಯರು ಹದಿಮೂರು ದಾಟುತ್ತಲೇ ಬಿಟ್ಟು ಹೋಗುವುದು ಎಲ್ಲ ಕಡೆಯ ಸಮಸ್ಯೆ. ಉಳಿದವರಿಗೆ ಸಿಗುವ ದೊಡ್ಡ ಅವಕಾಶ ಗೋಲ್ಡ್ ಅವಾರ್ಡ್. ಒಂಬತ್ತರಿಂದ ಹನ್ನೆರಡನೇ ತರಗತಿಯವರು ಮಾತ್ರ ಇದಕ್ಕೆ ಅರ್ಹರು. ಹುಡುಗಿ ತನ್ನ ಊರಿನ ಒಂದು ಸಮಸ್ಯೆಯನ್ನು ತಾನೇ ಹುಡುಕಬೇಕು, ಕಾರಣ ತಿಳಿಯಬೇಕು, ತಂಡ ಕಟ್ಟಿ ಯೋಜನೆ ಬರೆದು ಕೌನ್ಸಿಲ್ ಮುಂದೆ ಮಂಡಿಸಿ ಒಪ್ಪಿಗೆ ಪಡೆದು ಕೆಲಸಕ್ಕೆ ಇಳಿಯಬೇಕು. ಕನಿಷ್ಠ 80 ಗಂಟೆಯ ದುಡಿಮೆ ನಿರೀಕ್ಷಿತ. ಕಷ್ಟದ ಶರತ್ತು ಗಂಟೆಯದ್ದಲ್ಲ: ಆಕೆ ಕಾಲೇಜಿಗೆ ಹೋದ ಮೇಲೂ ಆ ಕೆಲಸ ಮುಂದುವರಿಯುವ ಏರ್ಪಾಡು ಇರಬೇಕು. ಒಂದು ದಿನ ಬೀಚ್ ಗುಡಿಸಿ ಫೋಟೋ ತೆಗೆಸಿಕೊಂಡರೆ ಸಾಲದು. (ನಮ್ಮ ಎಷ್ಟೋ ಸಂಘಗಳ ಸಮಾಜಸೇವೆ ಈ ಶರತ್ತಿನಲ್ಲಿ ಪಾಸಾಗುವುದು ಅನುಮಾನ.)

ಇನ್ನು ಬಿಸ್ಕತ್ತಿನ ಲೆಕ್ಕ. 1917ರಲ್ಲಿ ಓಕ್ಲಹೋಮಾದ ಮಸ್ಕೋಗಿ ಪಟ್ಟಣದ ದಳವೊಂದು ಮನೆಯಲ್ಲೇ ಬೇಯಿಸಿದ ಕುಕೀ ಮಾರಿದ್ದು ದಾಖಲಾದ ಮೊದಲ ಮಾರಾಟ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ, ಬೆಣ್ಣೆ, ಹಿಟ್ಟಿಗೆ ಕೊರತೆಯಾದಾಗ ಕುಕೀ ಬದಲು ಕ್ಯಾಲೆಂಡರ್ ಮಾರಿದರು. ಈಗ ವರ್ಷಕ್ಕೆ ದೇಶದಾದ್ಯಂತ ಸುಮಾರು 20 ಕೋಟಿ ಬಾಕ್ಸ್ ಹೋಗುತ್ತದೆ. ಬೇಕರಿಯ ವೆಚ್ಚ ಕಳೆದು ಉಳಿದದ್ದೆಲ್ಲ ಸ್ಥಳೀಯ ಕೌನ್ಸಿಲ್ ಮತ್ತು ದಳಕ್ಕೆ. ದಳದ ಪಾಲು ಬೆಲೆಯ ಶೇ. 10ರಿಂದ 20. ಬಾಕ್ಸ್‌ಗೆ 6 ಡಾಲರ್, ದಳದ ಪಾಲು ಶೇ. 15 ಅಂತ ಇಟ್ಟುಕೊಳ್ಳಿ: ಬಾಕ್ಸ್ ಒಂದಕ್ಕೆ 90 ಸೆಂಟ್. ಒಬ್ಬಳು 200 ಬಾಕ್ಸ್ ಮಾರಿದರೆ 180 ಡಾಲರ್. ಆ ದುಡ್ಡು ಆಕೆಯ ಕೈಗೆ ಬರುವುದಿಲ್ಲ, ದಳದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಲಾಭರಹಿತ ಸಂಸ್ಥೆಯ ಹಣ ವ್ಯಕ್ತಿಯ ಸ್ವಂತದ್ದಾಗಬಾರದು ಎಂಬುದು ಅಲ್ಲಿನ ತೆರಿಗೆ ಕಾನೂನು. ಕ್ಯಾಂಪಿಗೋ, ಪ್ರವಾಸಕ್ಕೋ, ದಾನಕ್ಕೋ ಎಂದು ಹುಡುಗಿಯರೇ ಕೂತು ತೀರ್ಮಾನಿಸುತ್ತಾರೆ. ಹದಿನಾಲ್ಕನೇ ವಯಸ್ಸಿಗೆ ಬಜೆಟ್ ಮಾಡಲು, ಚಿಲ್ಲರೆ ತಾಳೆ ನೋಡಲು, "ಬೇಡ" ಎಂದ ಗಿರಾಕಿಗೂ ನಗುತ್ತಾ ಥ್ಯಾಂಕ್ಸ್ ಹೇಳಲು ಕಲಿತಿರುತ್ತಾರೆ. ಕೌನ್ಸಿಲ್‌ಗಳ ವಾರ್ಷಿಕ ತೆರಿಗೆ ವಿವರವಾದ ಫಾರ್ಮ್ 990 ಯಾರು ಕೇಳಿದರೂ ನೋಡಲು ಸಿಗುತ್ತದೆ.

ಆಕ್ಷೇಪಗಳೂ ಇಲ್ಲದಿಲ್ಲ. ದುಡಿಮೆ ಮಕ್ಕಳದ್ದು, ದೊಡ್ಡ ಪಾಲು ಕೌನ್ಸಿಲ್‌ಗೆ ಯಾಕೆ ಎಂಬ ಗೊಣಗಾಟ ಹಳೆಯದು. ಬಹುಕಾಲ 25 ಡಾಲರ್ ಇದ್ದ ರಾಷ್ಟ್ರೀಯ ಸದಸ್ಯತ್ವ ಶುಲ್ಕವನ್ನು ಹಂತಹಂತವಾಗಿ ಏರಿಸಲು 2024ರಲ್ಲಿ ನಿರ್ಧಾರವಾದಾಗಲೂ ಅಸಮಾಧಾನ ಎದ್ದಿತ್ತು. ಕಟ್ಟಲಾಗದ ಮನೆಗಳಿಗೆ ಕೌನ್ಸಿಲ್ ಸಹಾಯಧನ ಇದೆ, ಆದರೆ ಅರ್ಜಿ ಹಾಕಿ ಕೇಳಬೇಕು.

1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು, ಬಾಲ್ಯದಲ್ಲಿ ಗರ್ಲ್ ಸ್ಕೌಟ್. ಮುಂದೆ ಸ್ಯಾನ್ ಡಿಯಾಗೋದಲ್ಲಿ ಭೌತಶಾಸ್ತ್ರ ಕಲಿಸುತ್ತಾ, ಹುಡುಗಿಯರು ವಿಜ್ಞಾನ ಬಿಡದಿರಲೆಂದು 2001ರಲ್ಲಿ ಸ್ಯಾಲಿ ರೈಡ್ ಸೈನ್ಸ್ ಆರಂಭಿಸಿದರು. ಅದೀಗ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭಾಗ.

ನಮ್ಮ ಕಡೆ ಇದೇ ಕುಟುಂಬದ ಸಂಸ್ಥೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಕರಾವಳಿಯವರಿಗೆ ನೆನಪಿರಬಹುದು. ಊರಿನಲ್ಲಿ ಅಜ್ಜಿ ಮನೆಯಲ್ಲಿ ಓದುವ ಹುಡುಗಿಯಾದರೆ ಶಾಲೆಯಲ್ಲಿ ಗೈಡ್ಸ್ ದಳ ಇದೆಯೇ ಎಂದು ಫೋನಿನಲ್ಲೇ ವಿಚಾರಿಸಬಹುದು. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಮೆಟ್ಟಿಲುಗಳಿವೆ, ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್-ಗೈಡ್ಸ್ ಕೋಟಾವೂ ಇದೆ. ಗಲ್ಫ್‌ನ ಕೆಲವು ಭಾರತೀಯ ಶಾಲೆಗಳಲ್ಲೂ ದಳಗಳಿವೆ. ವಾರದಲ್ಲಿ ಒಂದು ಗಂಟೆ, ಒಂದು ಜೊತೆ ಸಮವಸ್ತ್ರ, ಖರ್ಚು ಹೆಚ್ಚಿಲ್ಲ. ಅಮೆರಿಕದಲ್ಲಿ ಸಂಬಂಧಿಕರಿರುವವರು ಗಮನಿಸಿ: ಗರ್ಲ್ ಸ್ಕೌಟ್ಸ್‌ನ ಸದಸ್ಯತ್ವ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ.