ವಿದ್ಯುತ್ತಂತ್ರವಿದ್ಯೆಯ ಪ್ರಥಮಪಾಠ

ಲಕ್ಷ್ಯವು ಮೊದಲು, ಲಕ್ಷಣವು ಅನಂತರ ಎಂಬುದು ವೈಯಾಕರಣರಲ್ಲಿ ಪ್ರಸಿದ್ಧವಾದ ಕ್ರಮ. ಜನರ ನುಡಿಯಲ್ಲಿದ್ದ ಪ್ರಯೋಗಗಳನ್ನು ನೋಡಿ ಸೂತ್ರಕಾರರು ಸೂತ್ರಗಳನ್ನು ರಚಿಸಿದರೇ ಹೊರತು, ಸೂತ್ರಗಳನ್ನು ಓದಿ ಜನರು ಮಾತನಾಡಲು ತೊಡಗಲಿಲ್ಲ. ಕಾಲೇಜುಗಳಲ್ಲಿ ವಿದ್ಯುತ್ತಂತ್ರವಿದ್ಯೆಯ ಪಾಠಕ್ರಮವು ಹುಟ್ಟಿದ ಬಗೆಯನ್ನು ಪರಿಶೀಲಿಸಿದರೆ ಅಲ್ಲಿಯೂ ಬಹುಮಟ್ಟಿಗೆ ಇದೇ ಕ್ರಮವು ಕಾಣುತ್ತದೆ. ಆದರೆ ಎಲ್ಲ ದೇಶಗಳಲ್ಲಿಯೂ ಹಾಗಿಲ್ಲ. ಆ ವ್ಯತ್ಯಾಸವೇ ವಿಚಾರಾರ್ಹವಾದುದು.

ಅಮೆರಿಕದಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ ವಿದ್ಯುತ್ತಂತಿಯ ವಾರ್ತೆಯು ಹರಿದುದು ೧೮೪೪ರಲ್ಲಿ. ಬಾಸ್ಟನ್ ನಗರದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಚಾರ್ಲ್ಸ್ ಕ್ರಾಸ್ ಎಂಬ ಆಚಾರ್ಯನು ವಿದ್ಯುತ್ತಂತ್ರದ ಪಾಠಕ್ರಮವನ್ನು ಆರಂಭಿಸಿದುದಾದರೋ ೧೮೮೨ರಲ್ಲಿ. ಅದೂ ಭೌತಶಾಸ್ತ್ರದ ಮಡಿಲಲ್ಲಿ. ಪ್ರತ್ಯೇಕ ವಿಭಾಗವಾಗಲು ೧೯೦೨ನೆಯ ಇಸವಿಯೇ ಬರಬೇಕಾಯಿತು. ೧೮೮೨ರಲ್ಲಿಯೇ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಎರಾಸ್ಮುಸ್ ಕಿಟ್ಲರನು ಈ ವಿದ್ಯೆಯ ಪೀಠಕ್ಕೆ ನೇಮಕಗೊಂಡನು. ಈ ದೇಶಗಳಲ್ಲಿ ಕಸುಬು ಬೆಳೆದು ನಿಂತ ಮೇಲೆ ಶಾಸ್ತ್ರಾಧ್ಯಯನವು ಏರ್ಪಟ್ಟಿತೆಂಬುದು ಇದರಿಂದ ಸ್ಫುಟವಾಗುತ್ತದೆ.

ಜಪಾನಿನಲ್ಲಿ ಕ್ರಮವು ಬೇರೆಯಾಯಿತು. ೧೮೬೮ರಲ್ಲಿ ಭಾರತದ ತಂತಿ ಇಲಾಖೆಯನ್ನು ಸೇರಿ ದುಡಿದಿದ್ದ ವಿಲಿಯಂ ಏರ್ಟನ್ ಎಂಬ ಆಂಗ್ಲನು ೧೮೭೩ರಲ್ಲಿ ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕನಾದನು. ಅಲ್ಲಿ ಆರು ವರ್ಷಗಳ ವ್ಯಾಸಂಗ: ಮೊದಲ ಎರಡರಲ್ಲಿ ಸಾಮಾನ್ಯ ವಿಷಯಗಳು, ನಡುವಣ ಎರಡರಲ್ಲಿ ವಿಶೇಷ ಶಾಸ್ತ್ರ, ಕಡೆಯ ಎರಡರಲ್ಲಿ ಕೇವಲ ಕರ್ಮಾಭ್ಯಾಸ. ೧೮೭೮ನೆಯ ಮಾರ್ಚಿ ೨೫ರಂದು ಆ ಕಾಲೇಜಿನ ಸಭಾಂಗಣದಲ್ಲಿಯೇ ಏರ್ಟನ್ನನೂ ಶಿಷ್ಯರೂ ಚಾಪದೀಪವನ್ನು ಬೆಳಗಿಸಿದರು. ಜಪಾನಿನಲ್ಲಿ ಇಂದಿಗೂ ಆ ದಿನವು ವಿದ್ಯುದ್ದಿನವೆನಿಸಿದೆ. ದೀಪದಿಂದ ಪಾಠಶಾಲೆ ಹುಟ್ಟಲಿಲ್ಲ; ಪಾಠಶಾಲೆಯಿಂದ ದೀಪವು ಹುಟ್ಟಿತು.

ಏರ್ಟನ್ನನು ಲಂಡನ್ನಿಗೆ ಮರಳಿ, ಫಿನ್ಸ್‌ಬರಿ ತಾಂತ್ರಿಕ ಕಾಲೇಜಿನಲ್ಲಿ ಬೋಧಿಸಿ, ೧೮೮೭ರಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿಗಳಿಗಾಗಿಯೇ ಒಂದು ಪ್ರಾಯೋಗಿಕ ವಿದ್ಯುದ್ಗ್ರಂಥವನ್ನು ಪ್ರಕಟಿಸಿದನು. ಅದರ ಉಪಶೀರ್ಷಿಕೆಯಲ್ಲಿ ಪ್ರಯೋಗಶಾಲೆಯ ಹೆಸರು ಮೊದಲು, ಉಪನ್ಯಾಸದ ಹೆಸರು ಅನಂತರ. ಈ ಪದಕ್ರಮವು ಆಕಸ್ಮಿಕವಲ್ಲ. ಕೈಯಿಂದ ಅಳೆಯದವನಿಗೆ ವಿದ್ಯುತ್ಪ್ರವಾಹವು ಬರಿಯ ಶಬ್ದವೇ ಎಂಬುದು ಆ ಬೋಧನಕ್ರಮದ ತಾತ್ಪರ್ಯ.

ಮೈಸೂರು ಸಂಸ್ಥಾನದ ವೃತ್ತಾಂತವು ಟೋಕಿಯೋದ್ದಕ್ಕೆ ವಿಪರೀತವಾದುದು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟ ವಿದ್ಯುಚ್ಛಕ್ತಿಯು ೯೨ ಮೈಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನೀರು ನಮ್ಮ ನಾಡಿನದು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಲ್‌ಫ್ರೆಡ್ ಹೇ ಎಂಬ ಆಚಾರ್ಯನ ಕೈಕೆಳಗೆ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗವು ಪಾಠವನ್ನು ತೊಡಗಿದುದು ೧೯೧೧ರಲ್ಲಿ. ದೀಪಕ್ಕೂ ಈ ಉನ್ನತ ಪಾಠಕ್ಕೂ ನಡುವೆ ಹೀಗೆ ವರ್ಷಗಳ ಅಂತರವು ಬಿದ್ದಿತು. ಶಕ್ತಿಯನ್ನು ಕೊಂಡುತರಬಹುದು, ಅದನ್ನು ಆಳುವ ವಿದ್ಯೆಯನ್ನು ಕೊಂಡುತರಲಾಗದು. ಅದು ಕಲಿತೇ ಬರಬೇಕು.

ಗಣಕಯಂತ್ರದ ಕಾಲಕ್ಕೆ ಈ ಅಂತರವು ಅಳಿಯಿತು. ೧೯೬೩ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. ೧೬೨೦ ಯಂತ್ರವು ಬಂದಾಗ ಅದು ವಿದ್ಯಾರ್ಥಿಗಳ ಎದುರಿಗೇ ಬಂದು ನಿಂತಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೇ ಓದಿದ್ದ ವಿ. ರಾಜಾರಾಮನ್ ಅವರು ಅಲ್ಲಿ ಫೋರ್‌ಟ್ರಾನ್ ಭಾಷೆಯನ್ನು ಬೋಧಿಸಿ, ೧೯೬೯ರಲ್ಲಿ ಪ್ರೋಗ್ರಾಮಿಂಗಿನ ಮೂಲತತ್ತ್ವಗಳ ಪಠ್ಯಗ್ರಂಥವನ್ನು ಹೊರತಂದರು. ಲಕ್ಷ್ಯವೂ ಲಕ್ಷಣವೂ ಒಂದೇ ಕೊಠಡಿಯಲ್ಲಿ ಕೂಡಿದವು.

ಪ್ರಥಮಪಾಠವು ಯಂತ್ರದ ಹಿಂದೆ ಬರಬಹುದು, ಮುಂದೆ ಹೋಗಬಹುದು, ಜೊತೆಯಲ್ಲಿಯೂ ನಡೆಯಬಹುದು. ತಂತಿ, ದೀಪ, ಗಣಕ ಎಂದು ಲಕ್ಷ್ಯಗಳು ಮಾರ್ಪಟ್ಟಂತೆಲ್ಲ ಪಾಠಕ್ರಮವೂ ಮಾರ್ಪಟ್ಟಿದೆ. ೧೮೨೭ರಲ್ಲಿ ಓಮನು ಪ್ರಕಟಿಸಿದ ನಿಯಮವು ಮಾತ್ರ ಇಂದಿಗೂ ವಿದ್ಯುತ್ತಿನ ಮೊದಲ ಪಾಠಗಳಲ್ಲೊಂದಾಗಿಯೇ ನಿಂತಿದೆ. ಹೊಸ ಯಂತ್ರವನ್ನು ತರಿಸುವ ನಾಡು ಅದರೊಡನೆ ಪಾಠಶಾಲೆಯನ್ನೂ ತೆರೆಯಬೇಕೆಂಬುದೇ ಈ ಚರಿತ್ರೆಯಿಂದ ಸಿದ್ಧವಾಗುವ ಅರ್ಥ.